ಆಚೆ ದಂಡೆಯ ಹೊಲ

ಜಪಾನಿನವರು ಬಾಂಬು ಹಾಕುತ್ತಾರೆಂಬ ಹೆದರಿಕೆಗೆ ಮದ್ರಾಸು ಖಾಲಿಯಾದ ಬೇಸಿಗೆಯಲ್ಲಿ ಪ್ರೊಫೆಸರ್ ತೋಟಪ್ಪನವರು ಹೆಂಡತಿ ಸಂಗಮ್ಮನ ಜೊತೆ, ಪುಸ್ತಕದ ಪೆಟ್ಟಿಗೆಗಳನ್ನು ಹೊರಿಸಿಕೊಂಡು ಹೊಸಪೇಟೆಯ ಸ್ಟೇಷನ್ನಿನಲ್ಲಿ ಇಳಿದರು. ಕಾಲೇಜಿಗೆ ಬೀಗ ಬಿದ್ದಿತ್ತು. ಮತ್ತೆ ಯಾವಾಗ ತೆಗೆಯುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಊರಿನವರಿಗೆ ಮಾತ್ರ ಖುಷಿಯಾಯಿತು. ಹೊಸಪೇಟೆಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿ ಬಂದ ಮೊದಲ ಮನುಷ್ಯ ಅವರು. ಜವಳಿ ಅಂಗಡಿಯ ಕಟ್ಟೆಯ ಮುಂದೆ ಹಾದರೆ ಸಾಕು, "ಬರ್ರಿ ತೋಟಪ್ಪನೋರ, ಕುಂದ್ರಿ. ಹಿಟ್ಲರ್ ಯಾವಾಗ ಸೋಲ್ತಾನ್ರಿ?" ಎಂದು ಕೂರಿಸಿಕೊಳ್ಳುತ್ತಿದ್ದರು. ಮಳೆ ಯಾವಾಗ ಬರುತ್ತದೆಂದು ಪಂಚಾಂಗದವರನ್ನು ಕೇಳುವ ಹಾಗೆಯೇ ಇದೂ. ತೋಟಪ್ಪನವರು ಏನಾದರೂ ಹೇಳುತ್ತಿದ್ದರು. ಹೇಳಿ ಎದ್ದು ಬರುವಾಗ, ತಾವು ಹೇಳಿದ್ದರಲ್ಲಿ ತಮಗೇ ನಂಬಿಕೆಯಿಲ್ಲವಲ್ಲ ಎಂದು ಮುಖ ಸಣ್ಣದಾಗುತ್ತಿತ್ತು.

ಅಂತಾರಾಷ್ಟ್ರೀಯ ರಾಜಕೀಯ ಎಂಬುದು ಓದುವ ವಿಷಯವೆಂದು ಮದ್ರಾಸಿನಲ್ಲಿ ಯಾರೂ ಒಪ್ಪದ ಕಾಲದಲ್ಲಿ ಅವರು ಅದನ್ನು ಕೈಗೆತ್ತಿಕೊಂಡಿದ್ದರು. ಇತಿಹಾಸದವರು ಅದು ನಮ್ಮ ಮನೆಯದು ಅಂದರು, ಕಾನೂನಿನವರು ನಮ್ಮ ಮನೆಯದು ಅಂದರು. ವರ್ಷಗಟ್ಟಲೆ ಬಡಿದಾಡಿ ಕಾಲೇಜಿನಲ್ಲಿ ಅದಕ್ಕೊಂದು ಬೇರೆ ತರಗತಿ ಮಾಡಿಸಿದರು. ಡ್ಯಾನ್ಯೂಬ್ ಎಂಬ ಯುರೋಪಿನ ದೊಡ್ಡ ಹೊಳೆಯನ್ನು ಅದರ ದಂಡೆಯ ದೇಶಗಳೆಲ್ಲ ಒಪ್ಪಂದ ಮಾಡಿಕೊಂಡು ಹೇಗೆ ಬಳಸಿಕೊಂಡವು ಎಂಬುದರ ಮೇಲೆ ಅವರು ಬರೆದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಜಿನೀವಾದ ರಾಷ್ಟ್ರಸಂಘದ ಸಭಾಂಗಣದಲ್ಲಿ ಕೂತು ಬಂದರು. ಮನುಷ್ಯರು ಇನ್ನು ಮೇಲೆ ಮೇಜಿನ ಸುತ್ತ ಕೂತು ಜಗಳ ಬಗೆಹರಿಸಿಕೊಳ್ಳುತ್ತಾರೆ ಎಂದು ಪಾಠ ಹೇಳಿದರು.

ಆಮೇಲೆ ಯುದ್ಧ ಬಂತು. ಅವರ ಒಪ್ಪಂದಗಳ ಮೇಲೆಲ್ಲ ಜರ್ಮನಿಯ ಸೈನ್ಯ ನಡೆದುಹೋಯಿತು. "ಸರ್, ಸತ್ತ ಒಪ್ಪಂದಗಳ ಬಗ್ಗೆಯೂ ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆಯೇ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದಾಗ ಇಡೀ ತರಗತಿ ನಕ್ಕಿತ್ತು. ಐವತ್ತು ದಾಟಿದ ಮೇಲೆ ಹೊಸದಾಗಿ ಏನನ್ನಾದರೂ ಶುರು ಮಾಡುವ ಶಕ್ತಿ ತಮ್ಮಲ್ಲಿದೆಯೋ ಇಲ್ಲವೋ ಎಂಬ ಅನುಮಾನ ಅಂದಿನಿಂದ ಅವರನ್ನು ಬಿಟ್ಟಿರಲಿಲ್ಲ.

ಆ ಬೇಸಿಗೆಯಲ್ಲೇ ಒಂದು ದಿನ ಅವರು ಪೆಟ್ರೋಲಿನ ಅಭಾವಕ್ಕೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ ಕಂಪ್ಲಿಗೆ ಹೋದರು. ಅಲ್ಲಿ ಅಕ್ಕಿ ಗಿರಣಿಯ ಅಂದಾನಪ್ಪ ಅವರ ಬಾಲ್ಯದ ಗೆಳೆಯ. ಅವನ ಮಗಳು ಮರುಳಸಿದ್ದಮ್ಮ ಮದ್ರಾಸಿನಲ್ಲಿ ಅವರ ಕೈಕೆಳಗೆ ಎಂ.ಎ. ಮುಗಿಸಿ, ಅವರದೇ ಮಾರ್ಗದರ್ಶನದಲ್ಲಿ ಪ್ರಬಂಧ ಬರೆಯುತ್ತಿದ್ದಳು. ಹುಡುಗಿಯನ್ನು ಅಷ್ಟು ದೂರ ಓದಲು ಕಳಿಸಬೇಕೆಂದು ಅಂದಾನಪ್ಪನ ಹತ್ತಿರ ಹಟ ಹಿಡಿದು ಒಪ್ಪಿಸಿದವರೂ ತೋಟಪ್ಪನವರೇ. ಕಾಲೇಜಿನಲ್ಲಿ ಅವಳು 'ಸರ್' ಅನ್ನುತ್ತಿದ್ದಳು, ಊರಿನಲ್ಲಿ 'ಕಾಕಾ'. ಮಕ್ಕಳಿಲ್ಲದ ಅವರಿಗೆ ಆ ಎರಡನೆಯ ಮಾತು ಕೇಳಿದಾಗ ಒಳಗೊಳಗೇ ಹಿತವಾಗುತ್ತಿತ್ತು.

"ಬಾರಲೇ ತೋಟ್ಯಾ, ಕುಂದ್ರು. ಲಂಡನ್ ದೊರಿ ಬಂದಾನ, ಮಜ್ಜಿಗಿ ತರ್ರಿ ಯಾರರ" ಎಂದು ಅಂದಾನಪ್ಪ ಗಿರಣಿಯ ಅಂಗಳದಿಂದಲೇ ಕೂಗಿದ. ಮಜ್ಜಿಗೆ ತಂದವಳು ಸಿದ್ದಮ್ಮನೇ. ಚೆಂಬಿನ ಜೊತೆ ಒಂದು ಕಾಗದದ ಕಟ್ಟನ್ನೂ ತಂದಿದ್ದಳು.

"ಕಾಕಾ, ಪ್ರಬಂಧಕ್ಕ ನೀವು ಕೊಟ್ಟ ರೈನ್ ನದಿ ಬಿಟ್ಟೆನ್ರಿ. ನಮ್ಮ ಹೊಳಿ ಹಿಡ್ಕಂಡೀನಿ."

"ನಮ್ಮ ಹೊಳಿ ಅಂದ್ರ?"

"ತುಂಗಭದ್ರಾರೀ. ಹ್ವಾದ ತಿಂಗಳು ಅವ್ವನ ತೌರಿಗೆ ಚಿಕ್ಕಜಂತಕಲ್ಲಿಗೆ ಹೊಂಟಿದ್ದೆ. ಹರಗೋಲಿನಾಗ ಕುಂತು ಆಚಿ ಇಳಿದ್ರ ಸುಂಕದಾವ ನನ್ನ ಸೀರಿ ಗಂಟು ಬಿಚ್ಚಿಸಿದ. ಈ ಕಡಿ ನಾವು ಇಂಗ್ಲೀಷರ ಮಂದಿ, ಆ ಕಡಿ ನಮ್ಮಜ್ಜಿ ನಿಜಾಮರ ಮಂದಿ. ಹೊಳಿ ಒಂದ ಐತಿ. ಇಷ್ಟು ದಿನ ಯಾಕ ಹೊಳೀಲಿಲ್ಲ ನನಗ ಅಂತ ಅನ್ನಿಸ್ತು ನೋಡ್ರಿ."

ತೋಟಪ್ಪನವರು ಬೇವಿನ ಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಓದತೊಡಗಿದರು. ಕಂಪ್ಲಿಯ ಕೆಳಗೆ ಹೊಳೆಯ ನಡುವೆ ಒಂದು ನಡುಗಡ್ಡೆಯಿದೆ, ಅಲ್ಲಿ ಬೆಳೆಯುವ ಕಲ್ಲಂಗಡಿಗೆ ಎರಡು ಸರ್ಕಾರಗಳು ಕಂದಾಯ ಕೇಳುತ್ತವೆ ಎಂದು ಅವಳ ಬರಹ ಶುರುವಾಗುತ್ತಿತ್ತು. ಅಲ್ಲಿಂದ ಮೀನಿನ ಬಲೆ, ದೋಣಿಗಟ್ಟೆ, ಎರಡೂ ದಂಡೆಯ ಹಳೆಯ ಕಾಲುವೆಗಳು, ಯಾವ ದೊರೆಯ ಕಾಲದಲ್ಲಿ ಯಾರಿಗೆ ಎಷ್ಟು ನೀರಿನ ಹಕ್ಕಿತ್ತು ಎಂಬ ಮಾತು. ಅವುಗಳ ನಡುನಡುವೆ, ಎಲ್ಲಿ ಬೇಕೋ ಅಲ್ಲಿ ಮಾತ್ರ, ಯುರೋಪಿನ ಕಾನೂನು. ಅವರೇ ಕಲಿಸಿದ ಕಾನೂನು. ಆದರೆ ಅವರು ಅದನ್ನು ಹೀಗೆ ಎಂದೂ ಕಂಡಿರಲಿಲ್ಲ.

ಮೊದಲ ಹಾಳೆಗಳಲ್ಲಿ ಅವರಿಗೆ ಹೆಮ್ಮೆಯಾಯಿತು. ನಡುವೆಲ್ಲೋ ಅದು ತಿರುಗಿತು. ಹೊಸಪೇಟೆಯ ಬಸವಣ್ಣ ಕಾಲುವೆಯ ನೀರು ಕುಡಿದು ಬೆಳೆದವರು ತಾವು. ಹುಡುಗರಾಗಿದ್ದಾಗ ಇದೇ ಅಂದಾನಪ್ಪನ ಜೊತೆ ಇದೇ ಹೊಳೆಯಲ್ಲಿ ಈಜಿ ಆಚೆ ದಂಡೆಯ ಮಾವಿನಕಾಯಿ ಕದ್ದವರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೂರು ಅಲೆದ ಹಾಗೆ, ಹಡಗು ಹತ್ತಿ ಸಮುದ್ರ ದಾಟಿ ಹೋಗಿ, ಪರದೇಶದ ಹೊಳೆಯ ಮೇಲೆ ಆಯುಷ್ಯ ಕಳೆದರು. ಇದು ತಮಗೆ ಹೊಳೆಯಬೇಕಿತ್ತು. ಇದು ತಮ್ಮದಾಗಬೇಕಿತ್ತು. ಈ ಹುಡುಗಿಗೆ ಸೀರೆ ಗಂಟು ಬಿಚ್ಚಿಸಿದ ಸಿಟ್ಟಿಗೆ ಒಂದು ಮಧ್ಯಾಹ್ನದಲ್ಲಿ ಸಿಕ್ಕಿಬಿಟ್ಟಿತಲ್ಲ!

ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗಾಯಿತು. ಬಿಸಿಲು ಎಂದುಕೊಂಡು ಮಜ್ಜಿಗೆ ಕುಡಿದರು.

"ಹೆಂಗೈತ್ರಿ ಕಾಕಾ?" ಸಿದ್ದಮ್ಮ ಕಂಬಕ್ಕೆ ಒರಗಿ ನಿಂತು ಕಾಯುತ್ತಿದ್ದಳು.

"ಬರವಣಿಗಿ ಚಲೋ ಐತಿ," ಅಂದರು ಅವರು. "ಆದ್ರ ಇದು ಅಂತಾರಾಷ್ಟ್ರೀಯ ಅಲ್ಲವ್ವ. ನಿಜಾಮರು ಸಾರ್ವಭೌಮರಲ್ಲ. ಇಂಗ್ಲೆಂಡಿನ ದೊರೆಯ ಕೈಕೆಳಗಿನವರು. ಇದು ಒಂದ ಮನಿ ಒಳಗಿನ ಜಗಳ. ಪರೀಕ್ಷಕರು ಮೊದಲನೇ ಹಾಳಿಗೇ ಮುಚ್ಚಿ ಇಡ್ತಾರ."

"ಒಂದ ಮನಿ ಆದ್ರ ಸುಂಕ ಯಾಕ್ರಿ?"

"ಅದು ಆಡಳಿತದ ಪ್ರಶ್ನೆ. ನೀನು ರೈನ್ ಮುಗಿಸು. ಇದನ್ನ ಬದಿಗಿಡು."

ಅವರು ಹೇಳಿದ್ದು ಕಾನೂನಿನ ಪ್ರಕಾರ ತಪ್ಪಾಗಿರಲಿಲ್ಲ. ಅದೇ ಅವರಿಗೆ ಅನುಕೂಲವಾಯಿತು. ಸಿದ್ದಮ್ಮ ಒಂದು ಗಳಿಗೆ ಅವರ ಮುಖವನ್ನೇ ನೋಡಿ, "ವಿಚಾರ ಮಾಡ್ತೀನ್ರಿ" ಅಂದಳು. ಬದಿಗಿಡುತ್ತೇನೆ ಅನ್ನಲಿಲ್ಲ.

ಆ ಕಟ್ಟಿನ ಒಂದು ಪ್ರತಿಯನ್ನು ತಿದ್ದಿಕೊಡುವುದಾಗಿ ಹೇಳಿ ಮನೆಗೆ ತಂದರು. ಪೆನ್ಸಿಲ್ಲು ಹಿಡಿದು ಕೂತರೆ ತಪ್ಪು ಹುಡುಕುವುದೇ ಕೆಲಸವಾಯಿತು. ಒಂದು ಕಡೆ ಇಂಗ್ಲಿಷ್ ಸ್ಪೆಲ್ಲಿಂಗು ತಪ್ಪಿತ್ತು. ಅದು ಸಿಕ್ಕಾಗ ತಮಗಾದ ಸಂತೋಷಕ್ಕೆ ತಾವೇ ಬೆಚ್ಚಿದರು. ಆದರೂ ಅದರ ಸುತ್ತ ದಪ್ಪಗೆ ಗೆರೆ ಎಳೆದರು.

ಮುಂದಿನ ವರ್ಷ ಕಾಲೇಜು ಮತ್ತೆ ನಡೆಯುತ್ತಿತ್ತು. ರಜೆಗೆಂದು ಊರಿಗೆ ಬಂದಿದ್ದಾಗ ಅವರ ಮನೆಯ ಮುಂದೆ ಒಂದು ಸಂಜೆ ಸರ್ಕಾರಿ ಮೋಟಾರು ನಿಂತಿತು. ಹೊಳೆಗೆ ಅಣೆಕಟ್ಟು ಕಟ್ಟುವ ಹಳೆಯ ಮಾತು ಆಗ ಮತ್ತೆ ಜೀವ ಪಡೆದಿತ್ತು. ಮದ್ರಾಸು ಸರ್ಕಾರವೂ ನಿಜಾಮರ ಸರ್ಕಾರವೂ ನೀರು ಹಂಚಿಕೊಳ್ಳುವ ಮಾತುಕತೆಯಲ್ಲಿದ್ದವು. ಮೋಟಾರಿನಿಂದ ಇಳಿದವನು ಆ ಕೆಲಸಕ್ಕೆಂದು ಸರ್ವೇ ಬಂಗಲೆಯಲ್ಲಿ ಬೀಡುಬಿಟ್ಟಿದ್ದ ಮದ್ರಾಸಿನ ದೊಡ್ಡ ಎಂಜಿನಿಯರು. ದೇಶದೇಶಗಳು ಹೊಳೆಗಳನ್ನು ಹೇಗೆ ಹಂಚಿಕೊಂಡಿವೆ ಎಂಬ ಬಗ್ಗೆ ನಮ್ಮ ಕಡೆಗೊಂದು ವರದಿ ಬರೆಸಬೇಕಾಗಿದೆ ಎಂದು ಅವನು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದ.

ತೋಟಪ್ಪನವರ ಎದೆ ಹಿಗ್ಗಿತು. ಕೊನೆಗೂ ಬಂತು ತಮ್ಮ ಕಾಲ!

"ನಿಮ್ಮ ವಿದ್ಯಾರ್ಥಿನಿಯೊಬ್ಬಳು ಈ ಹೊಳೆಯ ಮೇಲೆಯೇ ಬರೆಯುತ್ತಿದ್ದಾಳಂತೆ," ಅಂದ ಎಂಜಿನಿಯರು. "ಕಂಪ್ಲಿಯವಳು. ಅವಳ ಲೇಖನವೊಂದನ್ನು ನೋಡಿದೆ. ಬಹಳ ಚೆನ್ನಾಗಿದೆ. ವರದಿಯನ್ನು ಅವಳಿಂದ ಬರೆಸಿದರೆ ಹೇಗೆ? ನೀವು ಅವಳ ಗುರುಗಳು, ನಿಮ್ಮ ಮಾತು ಕೇಳಿಯೇ ಮುಂದುವರಿಯೋಣ ಅಂತ ಬಂದೆ."

ಸಂಗಮ್ಮ ಚಹಾದ ಲೋಟಗಳನ್ನು ತಂದಿಟ್ಟು ಬಾಗಿಲ ಹತ್ತಿರ ನಿಂತಿದ್ದಳು. ಮದ್ರಾಸಿನಲ್ಲಿ ಅಷ್ಟು ವರ್ಷ ಇದ್ದವಳಿಗೆ ಇಂಗ್ಲಿಷು ಆಡಲು ಬರದಿದ್ದರೂ ತಿಳಿಯುತ್ತಿತ್ತು.

ತೋಟಪ್ಪನವರು ಲೋಟ ಎತ್ತಿ, ಊದಿ, ಒಂದು ಗುಟುಕು ಕುಡಿದರು. "ಹುಡುಗಿ ಚುರುಕು. ಇನ್ನೂ ಕಾಯಿ, ಹಣ್ಣಾಗಬೇಕು." ಇಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಗೆ ನಿಲ್ಲಲಿಲ್ಲ. "ಇನ್ನೊಂದು ಮಾತು. ಆಚೆ ದಂಡೆಯಲ್ಲಿ, ನಿಜಾಮರ ಸೀಮೆಯಲ್ಲಿ, ಅವರ ಮನೆಯವರಿಗೆ ಹೊಲವಿದೆ. ತಾಯಿಯ ಕಡೆಯವರೆಲ್ಲ ಅಲ್ಲಿಯವರೇ. ನಿಮಗೆ ಗೊತ್ತಿರಲಿ ಎಂದು ಹೇಳಿದೆ, ಅಷ್ಟೇ."

ಎಂಜಿನಿಯರು ತಲೆದೂಗಿದ. "ಹೇಳಿದ್ದು ಒಳ್ಳೆಯದಾಯಿತು. ಹಾಗಾದರೆ ನೀವೇ ಬರೆದುಕೊಡಿ, ಪ್ರೊಫೆಸರ್."

ಮೋಟಾರು ಹೋದ ಮೇಲೆ ಸಂಗಮ್ಮ ಲೋಟ ಎತ್ತುತ್ತ, "ನಾನು ಸಂಡೂರಾಕಿ," ಅಂದಳು.

"ಅದಕ್ಕೇನೀಗ?"

"ಸಂಡೂರೂ ಬ್ಯಾರೆ ರಾಜರ ಸೀಮಿ. ನಮ್ಮಣ್ಣನ ಹೊಲಾನೂ ಅಲ್ಲೇ ಐತಿ. ಇಷ್ಟು ವರ್ಷ ನನ್ನ ಕೈಲೇ ಉಂಡೀರಿ. ಯಾವತ್ತರ ಅನುಮಾನ ಬಂತೇನ್ರಿ?"

"ನಿನಗ ತಿಳಿಯಂಗಿಲ್ಲ. ಇದು ಸರ್ಕಾರದ ವಿಷಯ."

"ತಿಳೀತೈತಿ," ಅಂದಳು ಸಂಗಮ್ಮ. "ತಿಳಿಯದಿದ್ರ ಚಲೋ ಇತ್ತು."

ವರದಿ ಬರೆಯಲು ಕೂತ ತೋಟಪ್ಪನವರಿಗೆ ಒಂದು ವಿಚಿತ್ರ ಶಿಕ್ಷೆ ಕಾದಿತ್ತು. ಏನು ಬರೆಯಹೋದರೂ ಸಿದ್ದಮ್ಮ ಅಲ್ಲಿಗೆ ಮೊದಲೇ ತಲುಪಿರುತ್ತಿದ್ದಳು. ಕಾಲುವೆಯ ಮಾತಿಗೆ ಬಂದರೆ ಅವಳ ವಾಕ್ಯ, ನಡುಗಡ್ಡೆಯ ಮಾತಿಗೆ ಬಂದರೆ ಅವಳ ಉಪಮೆ. ಕದಿಯುವ ಮನುಷ್ಯರಲ್ಲ ಅವರು. ಆ ಒಂದು ಅಭಿಮಾನ ಉಳಿದಿತ್ತು. ಅವಳ ನೆರಳು ಬಿದ್ದ ಕಡೆಯೆಲ್ಲ ಹೊಡೆದು ಹಾಕಿದರು. ಕೊನೆಗೆ ಉಳಿದದ್ದು ಡ್ಯಾನ್ಯೂಬ್ ಒಂದೇ. ಅದನ್ನೇ ನೀಟಾಗಿ ಟೈಪು ಮಾಡಿಸಿ ಕಳಿಸಿದರು. ಬಹಳ ಪಾಂಡಿತ್ಯಪೂರ್ಣವಾಗಿದೆ ಎಂದು ಉತ್ತರ ಬಂತು. ಪಾಂಡಿತ್ಯಪೂರ್ಣ ಎಂದರೆ ಉಪಯೋಗವಿಲ್ಲ ಎಂದರ್ಥವೆಂದು ಅವರಿಗೆ ಗೊತ್ತಿತ್ತು. ಬೇರೆಯವರ ಪುಸ್ತಕಗಳಿಗೆ ಎಷ್ಟೋ ಸಲ ಅವರೇ ಆ ಮಾತು ಬರೆದಿದ್ದರು.

ದಸರೆಯ ಮುಂಚೆ, ಅವರು ಮತ್ತೆ ರಜೆಗೆ ಊರಿಗೆ ಬಂದಿದ್ದಾಗ, ಸಿದ್ದಮ್ಮ ಬಂದಳು. ಹಾಡಹಗಲು, ನೇರವಾಗಿ ಪಡಸಾಲೆಗೆ. ಚಪ್ಪಲಿ ಬಿಟ್ಟಳು, ಸಂಗಮ್ಮನಿಗೆ ನಮಸ್ಕಾರ ಮಾಡಿದಳು, ಕೂರಲಿಲ್ಲ.

"ಬಂಗಲೇಕ ಹೋಗಿದ್ದೆನ್ರಿ, ಕಾಲುವಿ ನಕ್ಷೆ ನೋಡಾಕ. ನನ್ನ ಒಳಗ ಬಿಡಲಿಲ್ಲ. ಯಾಕಂತ ಕೇಳಿದ್ರ ಎಂಜಿನಿಯರು ಹೇಳಿದ್ರು, ನಮ್ಮ ಹೊಲ ಆಚಿ ಐತಿ ಅಂತ ನೀವ ಅಂದಿರಂತ."

"ಸುಳ್ಳೇನು ಹೇಳಲಿಲ್ಲ ನಾನು," ಅಂದರು ತೋಟಪ್ಪನವರು.

"ಸುಳ್ಳಲ್ರಿ. ಸುಳ್ಳಾಗಿದ್ರ ಬರ್ತಿದ್ದಿಲ್ಲ. ಯಾರೋ ಹೊಟ್ಟಿಗಿಚ್ಚಿನವರು ಅಂದಾರ ಅಂತ ಬಿಡ್ತಿದ್ದೆ. ಆಚಿ ಹೊಲ ಐತಿ ಅಂತಾನ ನನಗ ಎರಡೂ ಕಡಿ ಕಾಣ್ತೈತಿ. ಓದಿಸಿದವರು ನೀವು. ನೀವ ಅದನ್ನ ಕಳ್ಳಮಾಲು ತೋರಿಸಿದಂಗ ತೋರಿಸಿದ್ರಲ್ಲ."

ಯುದ್ಧಕಾಲ, ಸರ್ಕಾರ, ಜವಾಬ್ದಾರಿ ಎಂದು ತೋಟಪ್ಪನವರು ಶುರು ಮಾಡಿದರು. ಅವಳು ಕೇಳಿಸಿಕೊಳ್ಳಲಿಲ್ಲ.

"ನನ್ನ ಪ್ರಬಂಧ ನಿಮ್ಮ ಹತ್ರ ಬ್ಯಾಡ್ರಿ. ಹೈದರಾಬಾದಿನಾಗ ಒಬ್ರು ಪ್ರೊಫೆಸರು ತಗೊಂತೀನಿ ಅಂದಾರ. ಅಜ್ಜಿ ಮನಿ ಕಡಿಯಿಂದ ಹೋಗ್ತೀನಿ." ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, ಬೆನ್ನು ಹಾಕಿಕೊಂಡೇ ಹೇಳಿದಳು: "ಅಪ್ಪಗ ಏನೂ ಹೇಳಿಲ್ಲ. ಹೇಳೂದಿಲ್ಲ. ಆತ ನಿಮ್ಮನ್ನ ಭಾಳ ನಂಬ್ಯಾನ."

ಸಂಗಮ್ಮ ಬೀದಿಯ ತಿರುವಿನ ತನಕ ಅವಳ ಜೊತೆ ನಡೆದು ಹೋದಳು.

ಕೆಲವು ತಿಂಗಳ ಮೇಲೆ ಎರಡೂ ಕಡೆಯ ಅಧಿಕಾರಿಗಳು ಜಾಗ ನೋಡಲೆಂದು ಹಂಪೆಯ ಪಕ್ಕದ ಕಮಲಾಪುರದ ಬಂಗಲೆಯಲ್ಲಿ ಸೇರಿದರು. ದೊಡ್ಡವರ ಸಭೆಗೆ ಮುಂಚೆ ಸಣ್ಣಪುಟ್ಟ ವಿವರ ಕೂಡಿಸುವ ಸಭೆ ಅದು. ಮದ್ರಾಸಿನವರ ಹಿಂದಿನ ಸಾಲಿನಲ್ಲಿ ಸಲಹೆಗಾರರಾಗಿ ತೋಟಪ್ಪನವರಿಗೊಂದು ಕುರ್ಚಿ. ಎದುರು ಕಡೆ ಶೇರ್ವಾನಿ ತೊಟ್ಟ ಹೈದರಾಬಾದಿನ ಅಧಿಕಾರಿಗಳು, ಅವರ ಹಿಂದೆ ಒಬ್ಬ ಮುದಿ ಪ್ರೊಫೆಸರು, ಅವರ ಪಕ್ಕದಲ್ಲಿ ಬಿಳಿ ಸೀರೆಯುಟ್ಟು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ ಸಿದ್ದಮ್ಮ.

ಅವಳನ್ನು ಕಂಡ ಕೂಡಲೇ ತೋಟಪ್ಪನವರಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಬೇರೆ. ತಾವು ತಳ್ಳಿದ ಬಾಗಿಲಿನಿಂದ ಹೊರಗೆ ಹೋದವಳು ತಮ್ಮ ಎದುರಿಗೇ, ತಮ್ಮಷ್ಟೇ ಎತ್ತರದ ಕುರ್ಚಿಯಲ್ಲಿ ಕೂತಿದ್ದಾಳಲ್ಲ ಎಂದು ಮತ್ತೆ ಅದೇ ಕೆಂಡ.

ಮಾತು ಹಳೆಯ ಕಾಲುವೆಗಳ ಹತ್ತಿರ ಬಂದು ಸಿಕ್ಕಿಕೊಂಡಿತು. ಹೊಳೆಯ ನೀರನ್ನು ಸರಿಯಾಗಿ ಅರ್ಧ ಮಾಡಿ, ನಿಮ್ಮ ಕಾಲುವೆಗಳ ನೀರು ನಿಮ್ಮ ಅರ್ಧದಲ್ಲೇ ಸೇರಲಿ ಎಂದರು ಹೈದರಾಬಾದಿನವರು. ಹಾಗಾದರೆ ಹೊಸಪೇಟೆಯ ಕಬ್ಬು ಒಣಗುತ್ತದೆ ಎಂದರು ಮದ್ರಾಸಿನವರು. ದನಿಗಳು ಏರಿದವು. ಆಗ ಹೈದರಾಬಾದಿನ ಮುದಿ ಪ್ರೊಫೆಸರು, "ಈ ವಿಷಯದಲ್ಲಿ ಕೆಲಸ ಮಾಡಿದವಳು ನನ್ನ ಪಕ್ಕದಲ್ಲೇ ಇದ್ದಾಳೆ. ಒಂದು ಮಾತು ಕೇಳಬಾರದೇ?" ಅಂದರು.

ಸಿದ್ದಮ್ಮ ಎದ್ದಳು. "ಎರಡೂ ದಂಡೆಯಲ್ಲಿ ಹಳೆಯ ಕಾಲುವೆಗಳಿವೆ. ಆನೆಗೊಂದಿಯ ಕಡೆ ಇರುವುದೂ ಹಳೆಯದೇ, ಹೊಸಪೇಟೆಯ ಕಡೆ ಇರುವುದೂ ಹಳೆಯದೇ. ಅವುಗಳಿಂದ ಉಂಡವರ ಹಕ್ಕು ಈ ಎರಡು ಸರ್ಕಾರಗಳಿಗಿಂತ ಹಳೆಯದು. ಮೊದಲು ಅವುಗಳ ನೀರನ್ನು ಬದಿಗೆ ತೆಗೆದಿಡಿ. ಉಳಿದದ್ದನ್ನು ಅರ್ಧ ಮಾಡಿ." ಕೂತಳು.

ಅವಳ ಕಡೆಯ ಅಧಿಕಾರಿಯ ಹುಬ್ಬು ಗಂಟಿಕ್ಕಿತು. ಮದ್ರಾಸಿನ ಕಡೆ ಕಾಲುವೆಗಳು ಹೆಚ್ಚು. ಅವಳ ಮಾತು ನಡೆದರೆ ಅವನಿಗೆ ನಷ್ಟ. "ಇದಕ್ಕೆ ಆಧಾರವೇನು? ಯಾವ ದೇಶದಲ್ಲಿ ಹೀಗೆ ನಡೆದಿದೆ?" ಎಂದು ಗದರಿದ. ಎಂಜಿನಿಯರು ಹಿಂದಕ್ಕೆ ಬಾಗಿ ತೋಟಪ್ಪನವರ ಕಿವಿಯಲ್ಲಿ, "ಡ್ಯಾನ್ಯೂಬಿನಲ್ಲಿ ಹೀಗಿದೆಯೇ, ಪ್ರೊಫೆಸರ್?" ಎಂದ.

ಇರಲಿಲ್ಲ. ಇಲ್ಲ ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಅವಳ ಮಾತು ಅಲ್ಲೇ ಸಾಯುತ್ತಿತ್ತು. ಅದರ ಜೊತೆ ತಮ್ಮ ಊರಿನ ಕಬ್ಬೂ ಒಣಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದರೂ ಆ 'ಇಲ್ಲ' ನಾಲಗೆಯ ತುದಿಯಲ್ಲಿ ಸಿಹಿಯಾಗಿ ಕೂತಿತ್ತು. ಇಷ್ಟು ಕೆಟ್ಟವನೇ ನಾನು ಎಂದು ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿ ಭಯವಾಯಿತು.

ಎದ್ದು ನಿಂತರು. "ಡ್ಯಾನ್ಯೂಬಿನಲ್ಲಿ ಇಲ್ಲ," ಎಂದರು ಎಲ್ಲರಿಗೂ ಕೇಳುವಂತೆ. "ಅಲ್ಲಿ ಹೊಳೆಯಲ್ಲಿ ಹಡಗು ಓಡುತ್ತವೆ. ಇಲ್ಲಿ ಹೊಲಕ್ಕೆ ನೀರು ಹೋಗುತ್ತದೆ. ನನ್ನ ಪುಸ್ತಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಈಕೆ ಹೇಳಿದ್ದು ಸರಿ."

ಹಲ್ಲು ಕಿತ್ತಷ್ಟು ನೋವಾಯಿತು. ಕಿತ್ತ ಮೇಲೆ ಹಗುರವಾಗಬೇಕಲ್ಲವೇ? ಆಗಲಿಲ್ಲ. ಸಭೆಯ ಕಣ್ಣೆಲ್ಲ ಸಿದ್ದಮ್ಮನ ಮೇಲಿತ್ತು. ಸಿದ್ದಮ್ಮನ ಕಣ್ಣು ಕಾಗದದ ಮೇಲಿತ್ತು. ಒಂದು ಸಲವಾದರೂ ತಲೆಯೆತ್ತಿ ನೋಡುತ್ತಾಳೆಂದು ಅವರು ಕಾದರು. ಅಂದು ಯಾವುದೂ ತೀರ್ಮಾನವಾಗಲಿಲ್ಲ. ಮೇಲಿನವರಿಗೆ ತಿಳಿಸುತ್ತೇವೆ ಎಂದು ಎರಡೂ ಕಡೆಯವರು ಎದ್ದರು.

ಹೊರಗೆ ಹುಣಸೆ ಮರದ ಕೆಳಗೆ ಅವಳು ಒಬ್ಬಳೇ ಸಿಕ್ಕಳು. ಅವರು ಹತ್ತಿರ ಹೋಗಿ ನಿಂತರು.

"ಸಿದ್ದಮ್ಮ, ಚಲೋ ಮಾತಾಡಿದಿ."

"ನೀವು ಸರಿ ಅಂದದ್ದಕ್ಕ ಉಪಕಾರ ಆಯ್ತು, ಸರ್."

ಊರಿನ ಮಣ್ಣಿನ ಮೇಲೆ ನಿಂತು ಅವಳು ಅವರನ್ನು 'ಸರ್' ಎಂದದ್ದು ಅದೇ ಮೊದಲು. ಅಷ್ಟರಲ್ಲಿ ಹೈದರಾಬಾದಿನ ಮುದಿ ಪ್ರೊಫೆಸರು ಕೋಲೂರಿಕೊಂಡು ಬಂದು, "ಬೇಟಿ, ಊಟಕ್ಕೆ ಹೊತ್ತಾಯಿತು" ಎಂದು ಉರ್ದುವಿನಲ್ಲಿ ಕರೆದರು. ಅವಳು ನಗುತ್ತ ಅವರ ಕೋಲಿಲ್ಲದ ಕಡೆಯ ತೋಳು ಹಿಡಿದು ಮೆಟ್ಟಿಲು ಹತ್ತಿಸಿದಳು. ತೋಟಪ್ಪನವರಿಗೆ ಅವಳ ಬರಹದ ಮೇಲಿದ್ದ ಅಸೂಯೆ ಒಂದು ತೂಕವಾದರೆ, ಆ ಮುದುಕನ ತೋಳಿನ ಮೇಲೆ ಹುಟ್ಟಿದ್ದು ಅದರ ಎರಡರಷ್ಟಿತ್ತು.

ಅವಳ ಪ್ರಬಂಧ ಪುಸ್ತಕವಾಗಿ ಬಂದಾಗ ಅವರು ಮದ್ರಾಸಿನಲ್ಲಿ ಕೆಲಸದ ಕೊನೆಯ ವರ್ಷಗಳಲ್ಲಿದ್ದರು. ಅದನ್ನು ಪಾಠಕ್ಕಿಟ್ಟರು. ಇಡದೆ ಇರಲು ಆಗುತ್ತಿರಲಿಲ್ಲ. ಅಂಥದ್ದು ಬೇರೆ ಇರಲಿಲ್ಲ. ಖಾಲಿಯಾಗಿದ್ದ ತರಗತಿ ಮತ್ತೆ ತುಂಬಿತು. ಚೆನ್ನಾಗಿ ಪಾಠ ಹೇಳಿದರು, ಒಂದೊಂದು ವಾಕ್ಯವನ್ನೂ ಬಿಡಿಸಿ. ಪ್ರತಿ ಸಲವೂ ಪುಟ ತಿರುಗಿಸುವಾಗ ಎಲ್ಲೋ ಒಳಗೆ ಚುರುಕ್ಕೆನ್ನುತ್ತಿತ್ತು. ಅದು ಹೋಗುವುದಿಲ್ಲವೆಂದು ಗೊತ್ತಾದ ಮೇಲೆ ಮೊಣಕಾಲು ನೋವಿನ ಹಾಗೆ ಅದರ ಜೊತೆಗೇ ನಡೆಯುವುದನ್ನು ಕಲಿತರು.

ಕೆಲಸ ಬಿಟ್ಟು ಊರಿಗೆ ಬಂದ ವರ್ಷ ಅಂದಾನಪ್ಪ ಅವರನ್ನೂ ಸಂಗಮ್ಮನನ್ನೂ ಕಂಪ್ಲಿಗೆ ಊಟಕ್ಕೆ ಕರೆದ. ಮಗಳು ಹೈದರಾಬಾದಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅಂದಾನಪ್ಪ ತಾನೇ ತೋಟಪ್ಪನವರ ಎಲೆಗೆ ಹೋಳಿಗೆ ಬಡಿಸಿ, ಮೇಲೆ ತುಪ್ಪ ಸುರಿದ.

"ಉಣ್ಣಲೇ ತೋಟ್ಯಾ. ಮಂದಿ ಏನರ ಅನ್ನಲಿ, ನನಗ ಗೊತ್ತೈತಿ. ನಿನ್ನಿಂದಾನ ನನ್ನ ಮಗಳು ಅಲ್ಲಿಗಂಟ ಹೋದ್ಲು."

ಸಂಗಮ್ಮ ಎಲೆಯಿಂದ ತಲೆಯೆತ್ತಿ ಗಂಡನನ್ನು ನೋಡಿದಳು.

"ಹೌದು," ಅಂದರು ತೋಟಪ್ಪನವರು. "ನನ್ನಿಂದಾನ."

ಅಂದಾನಪ್ಪ ಇನ್ನೊಂದು ಹೋಳಿಗೆ ಹಾಕಿದ. ಅವರು ಬೇಡವೆನ್ನದೆ ಮುರಿದು ಬಾಯಿಗಿಟ್ಟರು.